ಹಾಕಿಂಗ್ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದಾರಲ್ಲ, ಮತ್ತೆ ಜಗಳ ಯಾವುದಕ್ಕೆ?

ಬೆಸಸಂಖ್ಯೆ (ಚರ್ಚೆ ಶುರು ಮಾಡಿದವರು)
ತುಂಬ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ. ಎಲ್ಲಿ ಓದಿದರೂ ಒಂದೇ ಮಾತು: ಸಾಮಾನ್ಯ ಸಾಪೇಕ್ಷತೆಗೂ (ಐನ್‌ಸ್ಟೈನ್ ಕೊಟ್ಟ ಗುರುತ್ವದ ಸಿದ್ಧಾಂತ) ಕ್ವಾಂಟಮ್ ಮೆಕ್ಯಾನಿಕ್ಸ್‌ಗೂ (ಕಣಗಳ ಲೋಕದ ನಿಯಮ) ಆಗಿಬರುವುದಿಲ್ಲ. ಅದೇ ಲೇಖನದ ಮುಂದಿನ ಪ್ಯಾರಾದಲ್ಲಿ, 1974ರಲ್ಲಿ ಹಾಕಿಂಗ್ ಎರಡನ್ನೂ ಸೇರಿಸಿ ಕಪ್ಪುಕುಳಿಯಿಂದ ವಿಕಿರಣ ಬರುತ್ತದೆ ಎಂದು ತೋರಿಸಿದರು ಅಂತ ಇರುತ್ತದೆ. ಎರಡೂ ಹೇಗೆ ನಿಜ?

ತಾಪಮಾನದ ಸೂತ್ರ ನೋಡಿ. ಮೇಲೆ ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗದ ಘನ. ಕೆಳಗೆ 8 ಪೈ, ಗುರುತ್ವ ಸ್ಥಿರಾಂಕ, ಬೋಲ್ಟ್ಸ್‌ಮನ್ ಸ್ಥಿರಾಂಕ, ಕುಳಿಯ ರಾಶಿ. ಕ್ವಾಂಟಮ್, ಗುರುತ್ವ, ಉಷ್ಣಶಾಸ್ತ್ರ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತಿವೆ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಾಕಿಂಗ್ ಸಮಾಧಿಯ ಕಲ್ಲಿನ ಮೇಲೂ ಇದನ್ನೇ ಕೆತ್ತಿದ್ದಾರೆ. ಇದಕ್ಕಿಂತ ಜಾಸ್ತಿ ರಾಜಿ ಇನ್ನೇನು ಬೇಕು?

'ಗಣಿತ ಬರದಿದ್ದರೆ ಅರ್ಥವಾಗುವುದಿಲ್ಲ' ಅಂತ ಮಾತ್ರ ಉತ್ತರ ಕೊಡಬೇಡಿ, ದಯವಿಟ್ಟು.

ಅರ್ಧಚಂದ್ರ
ಶೂನ್ಯದಲ್ಲಿ ಕಣ, ಪ್ರತಿಕಣ ಜೋಡಿಯಾಗಿ ಹುಟ್ಟುತ್ತವೆ. ಒಂದು ಕುಳಿಯೊಳಗೆ ಬೀಳುತ್ತದೆ, ಇನ್ನೊಂದು ಪಾರಾಗುತ್ತದೆ. ಇಷ್ಟೇ ಕಥೆ. ಜಗಳ ಗಿಗಳ ಏನೂ ಇಲ್ಲ.

ಗೀಟುಗಾರ
ಬಂತು ನೋಡಿ ಜೋಡಿ ಕಥೆ! ಯಾವ ಚರ್ಚೆಯಲ್ಲೂ ಎರಡನೇ ಉತ್ತರ ಇದೇ ಆಗಿರುತ್ತದೆ.

ಈ ಚಿತ್ರ ಕೊಟ್ಟವರು ಹಾಕಿಂಗ್ ಅವರೇ, ನಿಜ. ಆದರೆ 1975ರ ಅದೇ ಪ್ರಬಂಧದಲ್ಲಿ, ಇದು ಸುಮ್ನೆ ಊಹೆಗೆ ನೆರವಾಗಲಿ ಅಂತ ಕೊಟ್ಟ ಚಿತ್ರ, ಅಕ್ಷರಶಃ ತೆಗೆದುಕೊಳ್ಳಬೇಡಿ ಅಂತಲೂ ಎಚ್ಚರಿಸಿದ್ದಾರೆ. ಆ ಸಾಲು ಯಾರಿಗೂ ಕಾಣುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಸೂರ್ಯನಷ್ಟು ರಾಶಿಯ ಕುಳಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ಅದರಿಂದ ಬರುವ ವಿಕಿರಣದ ತರಂಗಾಂತರ ಎಷ್ಟು? ತಾಪಮಾನದ ಸೂತ್ರಕ್ಕೆ ವೀನ್ ನಿಯಮ (ತಾಪಮಾನದಿಂದ ವಿಕಿರಣದ ತರಂಗಾಂತರ ಹೇಳುವುದು) ಸೇರಿಸಿದರೆ ತ್ರಿಜ್ಯದ ಸುಮಾರು 16 ಪಟ್ಟು ಬರುತ್ತದೆ, ಅಂದರೆ 47 ಕಿಲೋಮೀಟರ್ ಹತ್ತಿರ. ಕುಳಿಗಿಂತ ಎಷ್ಟೋ ಪಾಲು ದೊಡ್ಡದಾದ ಅಲೆ. ಇಂಥ 'ಕಣ' ಹೊರೈಜನ್ನಿನ (ದಾಟಿದರೆ ಬೆಳಕೂ ವಾಪಸ್ ಬರಲಾಗದ ಗಡಿ) ಅಂಚಿನಲ್ಲಿ ಕೂದಲೆಳೆಯಷ್ಟು ಆಚೆ ಹುಟ್ಟಿತು, ಇದು ಒಳಗೆ, ಅದು ಹೊರಗೆ ಅನ್ನುವುದಕ್ಕೆ ಏನಾದರೂ ಅರ್ಥ ಇದೆಯಾ?

ಅರ್ಧಚಂದ್ರ
ಹಾಗಾದರೆ ವಿಕಿರಣ ಎಲ್ಲಿಂದ ಬರುತ್ತದೆ ಸ್ವಾಮಿ? ತಪ್ಪು ಅಂತ ಹೇಳುವುದು ಸುಲಭ. ಬದಲಿಗೆ ನೀವೇ ಏನಾದರೂ ಕೊಡಿ. ಹೊಸಬರಿಗೆ ಜೋಡಿ ಕಥೆ ಸಾಕು ಅಂತ ನಾನು ಈಗಲೂ ಹೇಳುತ್ತೇನೆ.

ಗೀಟುಗಾರ
ಕೊಡುತ್ತೇನೆ. ನಕ್ಷತ್ರ ಕುಸಿಯುವ ಮೊದಲು ಒಂದು ಕ್ವಾಂಟಮ್ ಕ್ಷೇತ್ರ ಇದೆ ಅಂದುಕೊಳ್ಳಿ. ಅದರ ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು ಶೂನ್ಯ ಅನ್ನುತ್ತೇವೆ, ಒಂದು ಕಣವೂ ಇಲ್ಲ. ಈಗ ನಕ್ಷತ್ರ ಕುಸಿದು ಕುಳಿಯಾಯಿತು. ಈ ಗಲಾಟೆಯ ನಡುವೆ ಹಾದುಬಂದ ಅಲೆಗಳು ವಿಪರೀತ ಹಿಗ್ಗಿ ದೂರದಲ್ಲಿರುವ ನಮ್ಮನ್ನು ತಲುಪುತ್ತವೆ. ಯಾವ ಅಲೆಯನ್ನು ಧನ ಆವರ್ತನ ಅಂತ ಎಣಿಸಬೇಕು, ಯಾವುದನ್ನು ಋಣ ಅಂತ ಎಣಿಸಬೇಕು ಅನ್ನುವ ಲೆಕ್ಕ ಮೊದಲಿಗೂ ಆಮೇಲಿಗೂ ತಾಳೆಯಾಗುವುದಿಲ್ಲ. ಹಿಂದಿನವರ 'ಏನೂ ಇಲ್ಲ' ನಮಗೆ 'ಬಿಸಿ ವಿಕಿರಣ ಇದೆ' ಎಂದು ಕಾಣುತ್ತದೆ. ಕಣಗಳ ಸಂಖ್ಯೆ ನೋಡುವವರ ಮೇಲೆ ನಿಂತಿದೆ, ಅಷ್ಟೇ ವಿಷಯ. 1976ರಲ್ಲಿ ಅನ್ರುಹ್ ಇದನ್ನೇ ಕುಳಿಯೇ ಇಲ್ಲದ ಜಾಗಕ್ಕೂ ತೋರಿಸಿದರು: ವೇಗೋತ್ಕರ್ಷದಲ್ಲಿ ಇರುವವನಿಗೆ ಖಾಲಿ ಜಾಗವೂ ಬೆಚ್ಚಗೆ.

ಸುಮ್ನೆಓದುಗ
ಬೆಚ್ಚಗೆ ಅಂದರೆ ಎಷ್ಟು?

ಗೀಟುಗಾರ
ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ ಸುಮಾರು 4 ಕೆಲ್ವಿನ್ ಅನ್ನು 10ರ 20ನೇ ಘಾತದಿಂದ ಭಾಗಿಸಿದಷ್ಟು. ಸ್ವೆಟರ್ ಬಿಚ್ಚುವ ಅಗತ್ಯ ಇಲ್ಲ.

ತ್ರಿಜ್ಯ
ಮೂಲ ಪ್ರಶ್ನೆಗೆ ಯಾರೂ ಇನ್ನೂ ಕೈ ಹಾಕಿಲ್ಲ. ಹಾಕಿಂಗ್ ಸೇರಿಸಿದ್ದು ಏನನ್ನು? ವಸ್ತು ಮತ್ತು ಬೆಳಕನ್ನು ಕ್ವಾಂಟಮ್ ಮಾಡಿದರು. ದೇಶ-ಕಾಲವನ್ನು ಮಾಡಲಿಲ್ಲ. ಐನ್‌ಸ್ಟೈನ್ ಸಮೀಕರಣ ಕೊಟ್ಟ ಬಾಗಿದ ದೇಶ-ಕಾಲ ಅವರ ಲೆಕ್ಕದಲ್ಲಿ ಗಟ್ಟಿ ವೇದಿಕೆ. ಅದರ ಮೇಲೆ ಕ್ವಾಂಟಮ್ ಕ್ಷೇತ್ರಗಳು ಕುಣಿಯುತ್ತವೆ, ವೇದಿಕೆ ಅಲುಗುವುದಿಲ್ಲ. ಇದನ್ನು ಅರೆ-ಸಾಂಪ್ರದಾಯಿಕ ವಿಧಾನ ಅನ್ನುತ್ತಾರೆ.

ವಿಕಿರಣ ಶಕ್ತಿ ಹೊತ್ತೊಯ್ಯುತ್ತದೆ, ಹಾಗಾಗಿ ಕುಳಿ ಕುಗ್ಗಲೇಬೇಕು. ಅಂದರೆ ವೇದಿಕೆಯೂ ಅಲುಗಬೇಕು. ಅದನ್ನು ಸರಾಸರಿ ತೆಗೆದು ತೇಪೆ ಹಾಕುತ್ತಾರೆ: ಸಮೀಕರಣದ ಒಂದು ಕಡೆ ಬಾಗು, ಇನ್ನೊಂದು ಕಡೆ ಕ್ವಾಂಟಮ್ ಶಕ್ತಿಯ ಸರಾಸರಿ. ಇದು ರಾಜಿ ಅಲ್ಲ, ಕದನವಿರಾಮ.

ಬೆಸಸಂಖ್ಯೆ
ಇದು ತಲೆಗೆ ಹೋಯಿತು. ಆದರೆ ದೇಶ-ಕಾಲವನ್ನೂ ಕ್ವಾಂಟಮ್ ಮಾಡಿಬಿಟ್ಟರೆ ಆಯಿತಲ್ಲ? ವಿದ್ಯುತ್‌ಕಾಂತ ಕ್ಷೇತ್ರಕ್ಕೆ ಮಾಡಿದ್ದಾರೆ ಅಲ್ವಾ?

ತ್ರಿಜ್ಯ
ಮಾಡಿ ನೋಡಿದ್ದಾರೆ. ಲೆಕ್ಕದಲ್ಲಿ ಅನಂತಗಳು ಬರುತ್ತವೆ. ವಿದ್ಯುತ್‌ಕಾಂತಕ್ಕೂ ಬರುತ್ತವೆ, ಆದರೆ ಅಲ್ಲಿ ಬೆರಳೆಣಿಕೆಯ ಅಳತೆಗಳಲ್ಲಿ ಎಲ್ಲವನ್ನೂ ಹೀರಿಸಿಬಿಡಬಹುದು. ಗುರುತ್ವದಲ್ಲಿ ಆಗುವುದಿಲ್ಲ. 1974ರಲ್ಲಿ ಟ್ ಹೂಫ್ಟ್ ಮತ್ತು ವೆಲ್ಟ್‌ಮನ್, ವಸ್ತು ಸೇರಿದರೆ ಮೊದಲ ಸುತ್ತಿನ ತಿದ್ದುಪಡಿಯಲ್ಲೇ ಕೈಕೊಡುತ್ತದೆ ಅಂತ ತೋರಿಸಿದರು. 1985ರಲ್ಲಿ ಗೊರಾಫ್ ಮತ್ತು ಸಾನ್ಯೊತ್ತಿ, ವಸ್ತುವೇ ಇಲ್ಲದಿದ್ದರೂ ಎರಡನೇ ಸುತ್ತಿನಲ್ಲಿ ಕೈಕೊಡುತ್ತದೆ ಅಂದರು. ಪ್ರತಿ ಸುತ್ತಿಗೂ ಹೊಸ ಸ್ಥಿರಾಂಕ ಬೇಕು. ಕೊನೆಯಿಲ್ಲ.

ಚುಕ್ಕಿಗೆರೆ
ಅರ್ಧ ನಿಜ. ಇದನ್ನೇ ಹಿಡಿದುಕೊಂಡು 'ಎರಡೂ ಸೇರುವುದೇ ಇಲ್ಲ' ಎನ್ನುವುದು ಮಾಧ್ಯಮದವರ ಅತಿರೇಕ. ಕಡಿಮೆ ಶಕ್ತಿಯಲ್ಲಿ ಚೆನ್ನಾಗಿಯೇ ಸೇರುತ್ತವೆ. 1994ರಲ್ಲಿ ಡೊನಹ್ಯೂ ನ್ಯೂಟನ್ನನ ಗುರುತ್ವ ನಿಯಮಕ್ಕೇ ಕ್ವಾಂಟಮ್ ತಿದ್ದುಪಡಿ ಲೆಕ್ಕ ಹಾಕಿದರು. ಅಳೆಯಲಾಗದಷ್ಟು ಸಣ್ಣದು, ಆದರೆ ಸ್ಪಷ್ಟ ಉತ್ತರ. ಎಡವಟ್ಟಾಗುವುದು ಪ್ಲಾಂಕ್ ಉದ್ದದ ಹತ್ತಿರ ಹೋದಾಗ, ಅಂದರೆ ಮೀಟರಿನಲ್ಲಿ ದಶಮಾಂಶ ಚುಕ್ಕಿಯಾದ ಮೇಲೆ 34 ಸೊನ್ನೆ, ಆಮೇಲೆ 16.

ಈಗ ಕಪ್ಪುಕುಳಿಗೆ ಬನ್ನಿ. ಎಂ87 ಗ್ಯಾಲಕ್ಸಿಯ ನಡುವಿನ ಕುಳಿ ಇದೆಯಲ್ಲ, 2019ರಲ್ಲಿ ಚಿತ್ರ ಬಂದಿದ್ದು, ಸೂರ್ಯನ 650 ಕೋಟಿ ಪಟ್ಟು ರಾಶಿ. ಅದರ ಹೊರೈಜನ್ ದಾಟುವಾಗ ತಲೆಗೂ ಕಾಲಿಗೂ ಇರುವ ಎಳೆತದ ವ್ಯತ್ಯಾಸ, ಭೂಮಿಯ ಮೇಲೆ ನಿಂತಾಗ ಇರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅಲ್ಲಿ ದೇಶ-ಕಾಲ ನಮ್ಮ ಸುತ್ತ ಇರುವುದಕ್ಕಿಂತ ಸಪಾಟು. ಪ್ಲಾಂಕ್ ಉದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಹಾಕಿಂಗ್ ಲೆಕ್ಕ ಅಲ್ಲಿ ನಡೆಯಲೇಬೇಕು. ಆದರೂ ಅದೇ ಲೆಕ್ಕದಿಂದ ಪೇಚು ಹುಟ್ಟುತ್ತದೆ. ನನ್ನ ಪ್ರಕಾರ ಇಡೀ ಚರ್ಚೆಯ ಜೀವ ಇರುವುದು ಇಲ್ಲಿ. ಎಡವಟ್ಟಾಗಬೇಕಾದ ಜಾಗದಲ್ಲಿ ಎಡವಟ್ಟಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂ ಸಿದ್ಧಾಂತ ಆರಾಮಾಗಿ ಕೆಲಸ ಮಾಡಬೇಕಾದ ಜಾಗದಲ್ಲೇ ಆಗಿದೆ.

ಗೀಟುಗಾರ
ಒಂದು ತಕರಾರು. ಹೊರಬರುವ ಅಲೆಯನ್ನು ಹಿಂದಕ್ಕೆ ಓಡಿಸಿ ನೋಡಿದರೆ ಹೊರೈಜನ್ ಹತ್ತಿರ ಅದು ಪ್ಲಾಂಕ್ ಉದ್ದಕ್ಕಿಂತ ಸಣ್ಣದಾಗಿಬಿಡುತ್ತದೆ. ಅಂದರೆ ನಿಮ್ಮ 'ಸಂಬಂಧವೇ ಇಲ್ಲ' ಅಷ್ಟು ಸಲೀಸಲ್ಲ.

ಚುಕ್ಕಿಗೆರೆ
ಆ ಅನುಮಾನ ಹಳೆಯದು. ಅದಕ್ಕೆಂದೇ ಅನ್ರುಹ್ 1981ರಲ್ಲಿ ಶಬ್ದದ ಕುಳಿ ಕಲ್ಪಿಸಿದರು. ದ್ರವ ಶಬ್ದಕ್ಕಿಂತ ಜೋರಾಗಿ ಹರಿದರೆ ಶಬ್ದ ವಾಪಸ್ ಬರಲಾರದು, ಅದೇ ಹೊರೈಜನ್. ದ್ರವದಲ್ಲಿ ಅಣುಗಿಂತ ಸಣ್ಣ ಅಲೆ ಇರಲು ಸಾಧ್ಯವೇ ಇಲ್ಲ, ಆದರೂ ವಿಕಿರಣದ ಲೆಕ್ಕ ಹಾಗೇ ಉಳಿಯುತ್ತದೆ. ಅತಿ ಸಣ್ಣ ಅಲೆಗಳ ವಿವರ ಏನೇ ಇದ್ದರೂ ಕೊನೆಯ ಉತ್ತರ ಕೆಡುವುದಿಲ್ಲ.

ಧೂಮಕೇತು
ಇದನ್ನು ಪ್ರಯೋಗದಲ್ಲೂ ಮಾಡಿದ್ದಾರೆ! ಸ್ಟೈನ್‌ಹೌವರ್ ತಂಡ 2016ರಲ್ಲಿ, ಮತ್ತೆ 2019ರಲ್ಲಿ. ಅತಿ ತಣ್ಣಗಿನ ರುಬಿಡಿಯಮ್ ಪರಮಾಣುಗಳ ಮೋಡದಲ್ಲಿ ಶಬ್ದದ ಹೊರೈಜನ್ ಮಾಡಿ, ಎರಡೂ ಬದಿಯ ಅಲೆಗಳ ನಡುವೆ ನಂಟು ಅಳೆದರು. 2019ರ ಅಳತೆಯಲ್ಲಿ ತಾಪಮಾನ ಒಂದು ನ್ಯಾನೊಕೆಲ್ವಿನ್‌ಗಿಂತ ಕಡಿಮೆ. ಹಾಕಿಂಗ್ ವಿಕಿರಣ ಸಾಬೀತಾಯಿತು.

ಗೀಟುಗಾರ
ದ್ರವದಲ್ಲಿ ಸಾಬೀತಾಯಿತು. ಅಲ್ಲಿ ಐನ್‌ಸ್ಟೈನ್ ಸಮೀಕರಣ ಎಲ್ಲಿದೆ? ಕ್ಷೇತ್ರದ ಗಣಿತ ಸರಿ ಅಂತ ಗೊತ್ತಾಯಿತು, ಗುರುತ್ವದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಸುಮ್ನೆಓದುಗ
ನಿಜವಾದ ಕುಳಿಯದ್ದನ್ನು ಯಾಕೆ ಅಳೆಯಬಾರದು?

ತ್ರಿಜ್ಯ
ಸೂರ್ಯನಷ್ಟು ರಾಶಿಯ ಕುಳಿಯ ತಾಪಮಾನ ಸುಮಾರು 62 ನ್ಯಾನೊಕೆಲ್ವಿನ್. ಅದರ ಸುತ್ತ ಇರುವ ಬ್ರಹ್ಮಾಂಡದ ಹಿನ್ನೆಲೆ ವಿಕಿರಣ 2.7 ಕೆಲ್ವಿನ್. ಕುಳಿ ಕೊಡುವುದಕ್ಕಿಂತ ಪಡೆಯುವುದೇ ಜಾಸ್ತಿ, ಈಗ ಬೆಳೆಯುತ್ತಿದೆ. ಹಿನ್ನೆಲೆಯಷ್ಟೇ ಬೆಚ್ಚಗಿರಬೇಕು ಅಂದರೆ ಕುಳಿಯ ರಾಶಿ ಚಂದ್ರನಿಗಿಂತ ಕಡಿಮೆ ಇರಬೇಕು. ಹಿನ್ನೆಲೆ ಪೂರ್ತಿ ಆರಿದ ಮೇಲೆ ಸೂರ್ಯನಷ್ಟು ದೊಡ್ಡ ಕುಳಿ ಆವಿಯಾಗಲು 2ರ ಮುಂದೆ 67 ಸೊನ್ನೆ ಹಾಕಿದಷ್ಟು ವರ್ಷ. ಬ್ರಹ್ಮಾಂಡಕ್ಕೆ ಈಗ 1380 ಕೋಟಿ ವರ್ಷ.

ಸುಮ್ನೆಓದುಗ
ಕಾಯೋಣ ಬಿಡಿ.

ಬೆಸಸಂಖ್ಯೆ
ಚುಕ್ಕಿಗೆರೆಯವರೇ, 'ಅದೇ ಲೆಕ್ಕದಿಂದ ಪೇಚು' ಅಂದಿರಿ. ಯಾವ ಪೇಚು? ಮಾಹಿತಿ ಕಳೆದುಹೋಗುವುದಾ? ಅದು ನನಗೆ ಯಾವತ್ತೂ ದೊಡ್ಡ ವಿಷಯ ಅನ್ನಿಸಿಲ್ಲ. ಕಾಗದ ಸುಟ್ಟರೂ ಅದರಲ್ಲಿ ಬರೆದದ್ದು ಹೋಗುತ್ತದೆ.

ಚುಕ್ಕಿಗೆರೆ
ಹೋಗುವುದಿಲ್ಲ. ಕಾಗದ ಸುಟ್ಟಾಗ ಹೊಗೆ, ಬೂದಿ, ಬೆಳಕಿನ ಪ್ರತಿ ಫೋಟಾನನ್ನೂ ಹಿಡಿದರೆ ಬರಹ ವಾಪಸ್ ಪಡೆಯಬಹುದು, ತಾತ್ವಿಕವಾಗಿ. ಶುರುವಿನಲ್ಲಿ ಹೊರಟ ಫೋಟಾನುಗಳಿಗೂ ಉಳಿದ ಕೆಂಡಕ್ಕೂ ಎಂಟ್ಯಾಂಗಲ್‌ಮೆಂಟ್ (ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಪೂರ್ತಿ ತಿಳಿಯುವ ಕ್ವಾಂಟಮ್ ನಂಟು) ಇರುತ್ತದೆ. ಕೊನೆಗೆ ಹೊರಟವು ಆ ನಂಟನ್ನು ಹೊತ್ತು ಬರುತ್ತವೆ. ಒಟ್ಟು ಲೆಕ್ಕ ಚುಕ್ತಾ.

ಕುಳಿಯಲ್ಲಿ ಹಾಗಾಗುವುದಿಲ್ಲ ಅಂತ 1976ರಲ್ಲಿ ಹಾಕಿಂಗ್ ವಾದಿಸಿದರು. ಹೊರಬಂದ ಪ್ರತಿ ಭಾಗಕ್ಕೂ ಒಳಗೆ ಒಂದು ಜೊತೆಗಾರ ಇದ್ದಾನೆ. ಹೊರಗಿರುವುದು ಏನು ಬಿತ್ತು ಅನ್ನುವ ಸುಳಿವೇ ಇಲ್ಲದ ಬರೀ ಶಾಖ. ಕುಳಿ ಪೂರ್ತಿ ಆವಿಯಾದರೆ ಒಳಗಿನ ಜೊತೆಗಾರ ಎಲ್ಲಿ? ಯಾವುದಕ್ಕೂ ಎಂಟ್ಯಾಂಗಲ್ ಆಗದೆ ಉಳಿದ ಶಾಖ ಮಾತ್ರ. ಶುದ್ಧ ಸ್ಥಿತಿ (ಮಾಹಿತಿ ಪೂರ್ತಿ ಇರುವುದು) ಮಿಶ್ರ ಸ್ಥಿತಿಯಾಯಿತು (ಮಾಹಿತಿ ಅರೆಬರೆ ಇರುವುದು). ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ಇದು ನಿಷಿದ್ಧ.

ಅರ್ಧಚಂದ್ರ
ಇದೆಲ್ಲ ಕೊನೆಯ ಕ್ಷಣದ ಮಾತು. ಆಗ ಕುಳಿ ಪ್ಲಾಂಕ್ ಗಾತ್ರಕ್ಕೆ ಬಂದಿರುತ್ತದೆ, ಅಲ್ಲಿ ನಮ್ಮ ಸಿದ್ಧಾಂತ ಹೇಗೂ ನಡೆಯುವುದಿಲ್ಲ. ಅಲ್ಲೇ ಮಾಹಿತಿ ಹೊರಬರಬಹುದಲ್ಲ?

ಚುಕ್ಕಿಗೆರೆ
ಒಳ್ಳೆ ಪ್ರಶ್ನೆ, ಆದರೆ ದಾರಿ ಮುಚ್ಚಿದೆ. ಡಾನ್ ಪೇಜ್ 1993ರಲ್ಲಿ ಮುಚ್ಚಿದರು. ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಹೇಳಿದ ಪ್ರಕಾರ ಕುಳಿಯ ಎಂಟ್ರೊಪಿ (ಒಳಗೆ ಎಷ್ಟು ಬಗೆಯ ಸ್ಥಿತಿ ಅಡಗಿರಬಹುದು ಅನ್ನುವ ಅಳತೆ) ಅದರ ಮೇಲ್ಮೈಗೆ ತಕ್ಕಷ್ಟು. ಕುಳಿ ಕುಗ್ಗಿದಷ್ಟೂ ಎಂಟ್ಯಾಂಗಲ್‌ಮೆಂಟ್ ಇಟ್ಟುಕೊಳ್ಳಲು ಜಾಗ ಕಡಿಮೆ. ಹೊರಗಿನ ವಿಕಿರಣದ ಎಂಟ್ರೊಪಿ ಮಾತ್ರ ಹಾಕಿಂಗ್ ಲೆಕ್ಕದಲ್ಲಿ ಏರುತ್ತಲೇ ಇದೆ. ಆಯಸ್ಸಿನ ಅರ್ಧ ದಾಟುವ ಹೊತ್ತಿಗೆ ಎರಡೂ ಸಮವಾಗುತ್ತವೆ. ಅಲ್ಲಿಂದ ಮುಂದೆ ವಿಕಿರಣದ ಎಂಟ್ರೊಪಿ ಇಳಿಯಲೇಬೇಕು. ಇದೇ ಪೇಜ್ ರೇಖೆ.

ಆ ಹೊತ್ತಿಗೆ ಕುಳಿಯ ರಾಶಿಯ ಮುಕ್ಕಾಲು ಪಾಲು ಹಾಗೇ ಇರುತ್ತದೆ! ಸೂರ್ಯನಷ್ಟು ಕುಳಿಯಾದರೆ ಇನ್ನೂ ಎರಡು ಕಿಲೋಮೀಟರಿಗಿಂತ ಜಾಸ್ತಿ ತ್ರಿಜ್ಯ. ಪ್ಲಾಂಕ್ ಗಾತ್ರ ಎಲ್ಲಿ, ಇದೆಲ್ಲಿ. ಎಲ್ಲ ನೆಟ್ಟಗಿರಬೇಕಾದ ಹೊತ್ತಿನಲ್ಲಿ ಲೆಕ್ಕ ತಪ್ಪುತ್ತದೆ.

ತ್ರಿಜ್ಯ
ಇದಕ್ಕೆ 2012ರ ಬೆಂಕಿಗೋಡೆಯನ್ನೂ ಸೇರಿಸಿ. ಅದನ್ನು ಮುಂದಿಟ್ಟವರು ಅಲ್ಮ್‌ಹೈರಿ, ಮರೋಲ್ಫ್, ಪೊಲ್ಚಿನ್ಸ್ಕಿ, ಸಲ್ಲಿ. ಅರ್ಧ ಆಯಸ್ಸಿನ ಆಮೇಲೆ ಹೊರಟ ಕಣ, ಮಾಹಿತಿ ಉಳಿಯಬೇಕಾದರೆ ಹಳೆಯ ವಿಕಿರಣಕ್ಕೆ ಎಂಟ್ಯಾಂಗಲ್ ಆಗಿರಬೇಕು. ಹೊರೈಜನ್ ನುಣುಪಾಗಿರಬೇಕಾದರೆ ಒಳಗಿನ ಜೊತೆಗಾರನಿಗೆ ಎಂಟ್ಯಾಂಗಲ್ ಆಗಿರಬೇಕು. ಇಬ್ಬರಿಗೂ ಪೂರ್ತಿಯಾಗಿ ಆಗಲು ಕ್ವಾಂಟಮ್ ನಿಯಮ ಬಿಡುವುದಿಲ್ಲ. ಒಂದನ್ನು ಕೈಬಿಡಿ. ಒಳಗಿನದನ್ನು ಕೈಬಿಟ್ಟರೆ ಹೊರೈಜನ್‌ನಲ್ಲಿ ಬೆಂಕಿಗೋಡೆ, ಬಿದ್ದವನು ಅಲ್ಲೇ ಭಸ್ಮ. ಐನ್‌ಸ್ಟೈನ್ ಹೇಳಿದ್ದು ದಾಟುವಾಗ ಏನೂ ಗೊತ್ತಾಗುವುದಿಲ್ಲ ಅಂತ.

ಧೂಮಕೇತು
ಆದರೆ ಮಾಹಿತಿ ಕಳೆದೇ ಹೋಗುತ್ತದೆ ಅಂತ ಪಂದ್ಯ ಕಟ್ಟಿದ್ದ ಹಾಕಿಂಗ್ 2004ರಲ್ಲಿ ಸೋತೆ ಅಂತ ಒಪ್ಪಿಕೊಂಡರಲ್ಲ? ಎದುರು ಪಕ್ಷದ ಪ್ರೆಸ್ಕಿಲ್‌ಗೆ ಬೇಸ್‌ಬಾಲ್ ವಿಶ್ವಕೋಶ ಕೊಟ್ಟರಂತೆ. ಅಲ್ಲಿಗೆ ಮುಗಿಯಿತು.

ಗೀಟುಗಾರ
ಪಂದ್ಯ ಕಟ್ಟಿದವರು ಸೋಲೊಪ್ಪಿದರೆ ಭೌತಶಾಸ್ತ್ರ ತೀರ್ಮಾನ ಆಗುತ್ತದಾ? ಹಾಕಿಂಗ್ ಜೊತೆಗೇ ಬಾಜಿ ಕಟ್ಟಿದ್ದ ಕಿಪ್ ಥಾರ್ನ್ ಆಗ ಒಪ್ಪಲಿಲ್ಲ. 2012ರ ಬೆಂಕಿಗೋಡೆ ಬಂದಿದ್ದೇ ಆ ಸೋಲಿನ ಎಂಟು ವರ್ಷದ ಮೇಲೆ.

ಸ್ಟ್ರಿಂಗಾಭಿಮಾನಿ
ಎಲ್ಲರೂ ಮರೆತಿದ್ದೀರಿ. 1996ರಲ್ಲಿ ಸ್ಟ್ರೊಮಿಂಜರ್ ಮತ್ತು ವಾಫಾ ಸ್ಟ್ರಿಂಗ್ ಸಿದ್ಧಾಂತದಿಂದ (ಕಣಗಳೆಲ್ಲ ಅತಿ ಸಣ್ಣ ತಂತಿಗಳ ಕಂಪನ ಅನ್ನುವುದು) ಕುಳಿಯ ಒಳಸ್ಥಿತಿಗಳನ್ನು ಒಂದೊಂದಾಗಿ ಎಣಿಸಿದರು. ಎಂಟ್ರೊಪಿ ಮೇಲ್ಮೈಯ ನಾಲ್ಕನೇ ಒಂದು, ಕರಾರುವಾಕ್ಕಾಗಿ ಬಂತು. 1997ರಲ್ಲಿ ಮಾಲ್ಡಸೆನ, ಒಂದು ಬಗೆಯ ದೇಶ-ಕಾಲದ ಗುರುತ್ವ ಅದರ ಅಂಚಿನ ಮೇಲಿನ ಮಾಮೂಲಿ ಕ್ವಾಂಟಮ್ ಸಿದ್ಧಾಂತಕ್ಕೆ ಸಮ ಎಂದರು. ಅಂಚಿನ ಸಿದ್ಧಾಂತದಲ್ಲಿ ಮಾಹಿತಿ ಕಳೆಯುವುದಿಲ್ಲ. ಹಾಗಾಗಿ ಒಳಗೂ ಕಳೆಯುವುದಿಲ್ಲ. ಪ್ರಶ್ನೆ ಮುಗಿದು ಕಾಲು ಶತಮಾನ ಆಯಿತು.

ತ್ರಿಜ್ಯ
ಆ ಎಣಿಸಿದ ಕುಳಿ ಐದು ಆಯಾಮದ್ದು, ತಾಪಮಾನ ಸೊನ್ನೆ. ಮಾಲ್ಡಸೆನ ಲೆಕ್ಕದ ದೇಶ-ಕಾಲ ನಮ್ಮದಲ್ಲ, ನಮ್ಮ ಬ್ರಹ್ಮಾಂಡ ಹಿಗ್ಗುವ ವೇಗ ಹೆಚ್ಚುತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ, 'ಕಳೆಯುವುದಿಲ್ಲ' ಅನ್ನುವುದು ಉತ್ತರದ ಅರ್ಧ. ಹಾಕಿಂಗ್ ಲೆಕ್ಕದ ಯಾವ ಸಾಲು ತಪ್ಪು? ಅದನ್ನು ತೋರಿಸಿ.

ಸ್ಟ್ರಿಂಗಾಭಿಮಾನಿ
ಲೂಪ್‌ನವರು (ದೇಶ-ಕಾಲವನ್ನೇ ಕ್ವಾಂಟಮ್ ಮಾಡಲು ಹೊರಟ ಇನ್ನೊಂದು ಬಣ) ಏನು ಕಡಿದು ಕಟ್ಟೆ ಹಾಕಿದ್ದಾರೆ? ಅವರಿಗೂ ನಾಲ್ಕನೇ ಒಂದು ಬರುತ್ತದೆ, ಇಮಿರ್ಜಿ ಅಂತ ಒಂದು ಸಂಖ್ಯೆಯನ್ನು ಬೇಕಾದಂತೆ ತಿರುಗಿಸಿದ ಮೇಲೆ.

ತ್ರಿಜ್ಯ
ನಾನು ಲೂಪ್‌ನವನು ಅಂತ ಯಾರು ಹೇಳಿದರು? ಎರಡು ಬಣ ಬಿಟ್ಟು ಮೂರನೆಯವರು ಇರಬಾರದಾ?

ನಿರ್ವಾಹಕ
ಬಣ ಜಗಳ ಬೇಡ. ಹಿಂದಿನ ಸಲ ಹೀಗೇ ಶುರುವಾಗಿ ಚರ್ಚೆಗೆ ಬೀಗ ಹಾಕಬೇಕಾಯಿತು.

ಚುಕ್ಕಿಗೆರೆ
'ಯಾವ ಸಾಲು ತಪ್ಪು' ಅನ್ನುವುದಕ್ಕೆ 2019ರಲ್ಲಿ ಸ್ವಲ್ಪ ಉತ್ತರ ಸಿಕ್ಕಿದೆ. ಪೆನಿಂಗ್ಟನ್ ಒಂದು ಕಡೆ. ಅಲ್ಮ್‌ಹೈರಿ, ಎಂಗಲ್‌ಹಾರ್ಟ್, ಮರೋಲ್ಫ್, ಮ್ಯಾಕ್ಸ್‌ಫೀಲ್ಡ್ ಇನ್ನೊಂದು ಕಡೆ. ಬೇರೆ ಬೇರೆಯಾಗಿ ಲೆಕ್ಕ ಹಾಕಿ ಪೇಜ್ ರೇಖೆ ಕೆಳಗೆ ತಿರುಗುವುದನ್ನು ತೋರಿಸಿದರು. ಸ್ವಾರಸ್ಯ ಏನೆಂದರೆ ಇದಕ್ಕೆ ಸ್ಟ್ರಿಂಗಿನ ಒಳವಿವರವೇನೂ ಬೇಕಾಗಲಿಲ್ಲ. ಹಾಕಿಂಗ್ ಬಳಸಿದ ಅರೆ-ಸಾಂಪ್ರದಾಯಿಕ ಸಾಮಗ್ರಿಯೇ ಸಾಕಾಯಿತು. ಅರ್ಧ ಆಯಸ್ಸು ಕಳೆದ ಮೇಲೆ ಕುಳಿಯೊಳಗಿನ ಒಂದು ಭಾಗವನ್ನು ಹೊರಗಿನ ವಿಕಿರಣದ ಲೆಕ್ಕಕ್ಕೇ ಸೇರಿಸಬೇಕು. ಅದಕ್ಕೆ 'ದ್ವೀಪ' ಅನ್ನುತ್ತಾರೆ. ಮುಂದೆ ಇದರ ಹಿಂದಿರುವ ಕಾರಣವೂ ಸಿಕ್ಕಿತು: ಎಂಟ್ರೊಪಿ ಲೆಕ್ಕಕ್ಕೆ ಕುಳಿಯ ಹಲವು ಪ್ರತಿಗಳನ್ನು ಇಟ್ಟುಕೊಂಡರೆ, ಅವುಗಳ ಒಳಭಾಗ ಒಂದಕ್ಕೊಂದು ಸೇರಿದ ಆಕಾರಗಳೂ ಬರುತ್ತವೆ. ಹಾಕಿಂಗ್ ಆ ಆಕಾರಗಳನ್ನು ಎಣಿಸಿರಲಿಲ್ಲ.

ಬೆಸಸಂಖ್ಯೆ
ಅಂದರೆ ಗೆದ್ದದ್ದು ಕ್ವಾಂಟಮ್, ಸೋತದ್ದು ಸಾಪೇಕ್ಷತೆ?

ಚುಕ್ಕಿಗೆರೆ
ಸೋತದ್ದು ಒಂದು ಊಹೆ. ಒಳಗು ಬೇರೆ, ಹೊರಗು ಬೇರೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪೆಟ್ಟಿಗೆ ಅನ್ನುವ ಊಹೆ. ಗುರುತ್ವ ಇಲ್ಲದ ಲೋಕದಲ್ಲಿ ಅದು ಸರಿ. ಗುರುತ್ವ ಇದ್ದಾಗ ಯಾವುದೇ ಪ್ರದೇಶದ ಶಕ್ತಿಯನ್ನು ಬಹುದೂರದಿಂದಲೇ ಅಳೆಯಬಹುದು, ಹಾಗಾಗಿ ಆ ವಿಂಗಡಣೆ ಸಡಿಲ. ಸುವ್ರತ್ ರಾಜು ಮತ್ತು ಅವರ ಜೊತೆಗಾರರು ಈ ದಾರಿಯಲ್ಲಿ ತುಂಬ ಮುಂದೆ ಹೋಗಿದ್ದಾರೆ. ಮಾಹಿತಿ ಯಾವಾಗಲೂ ಹೊರಗೇ ಇತ್ತು ಅನ್ನುವಷ್ಟರ ಮಟ್ಟಿಗೆ.

ಗೀಟುಗಾರ
ಮತ್ತು ದ್ವೀಪದ ಬಗ್ಗೆ ಇರುವ ದೊಡ್ಡ ಆಕ್ಷೇಪವೂ ಅದೇ ದಿಕ್ಕಿನಿಂದ ಬಂದಿದೆ, ಅದನ್ನೂ ಹೇಳಿ. ಆ ಲೆಕ್ಕಗಳಲ್ಲಿ ಹೆಚ್ಚಿನವು ವಿಕಿರಣವನ್ನು ಗುರುತ್ವವೇ ಇಲ್ಲದ ಪಕ್ಕದ ಕೊಠಡಿಗೆ ಸಾಗಿಸುತ್ತವೆ. ಹಾಗೆ ಮಾಡಿದಾಗ ಗ್ರಾವಿಟಾನಿಗೆ (ಗುರುತ್ವದ ಕಣ) ರಾಶಿ ಬಂದುಬಿಡುತ್ತದೆ. ನಮ್ಮ ಲೋಕದ ಗುರುತ್ವ ಹಾಗಿಲ್ಲ. ಜೊತೆಗೆ, ಎಂಟ್ರೊಪಿ ಇಳಿಯುತ್ತದೆ ಅಂತ ಗೊತ್ತಾಯಿತು ಸರಿ, ಒಂದು ನಿರ್ದಿಷ್ಟ ಕಣದ ಮೇಲೆ ಮಾಹಿತಿ ಹೇಗೆ ಏರಿ ಕೂರುತ್ತದೆ? ಅದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಮಾಥುರ್ ಅವರಂಥವರು ಹೊರೈಜನ್ನೇ ಇಲ್ಲ, ಸ್ಟ್ರಿಂಗಿನ ಉಂಡೆ ಇದೆ ಅನ್ನುತ್ತಾರೆ. ಅವರ ವಾದವನ್ನು ತಳ್ಳಿಹಾಕುವುದು ಕಷ್ಟ.

ಧೂಮಕೇತು
ವಿಷಯಾಂತರ, ಕ್ಷಮಿಸಿ. 2023ರಲ್ಲಿ ವೊಂಡ್ರಾಕ್, ಫಾನ್ ಸೌಲೆಕೊಮ್, ಫಾಲ್ಕೆ ಬರೆದ ಪ್ರಬಂಧ ನೋಡಿದ್ದೀರಾ? ಹೊರೈಜನ್ ಬೇಡ, ಬಾಗು ಇದ್ದರೆ ಸಾಕು, ನಕ್ಷತ್ರಗಳೂ ಕೊನೆಗೆ ಆವಿಯಾಗುತ್ತವಂತೆ.

ಗೀಟುಗಾರ
ನೋಡಿದ್ದೇನೆ. ಅದರ ವಿರುದ್ಧವೂ ಪ್ರಬಂಧ ಬಂತು. ಬದಲಾಗದ ದೇಶ-ಕಾಲದಲ್ಲಿ, ಹೊರೈಜನ್ ಇಲ್ಲದೆ, ಸುಮ್ನೆ ಕೂತ ನಕ್ಷತ್ರದ ಸುತ್ತ ಕಣ ಹುಟ್ಟುವುದಿಲ್ಲ ಅನ್ನುವುದು ಹಳೆಯ, ಗಟ್ಟಿಯಾದ ಫಲಿತಾಂಶ. ಅವರ ಅಂದಾಜು ವಿಧಾನ ಅಲ್ಲಿಗೆ ಹೊಂದುವುದಿಲ್ಲ. ಸುದ್ದಿ ಮಾತ್ರ ಎಲ್ಲ ಕಡೆ ಓಡಿತು.

ತ್ರಿಜ್ಯ
ವಿಷಯಾಂತರವೇ ಆದರೆ ಒಳ್ಳೆಯದನ್ನು ಹೇಳುತ್ತೇನೆ. ಎರಡು ಕುಳಿ ಸೇರಿ ಒಂದಾದಾಗ ಹೊರಟು, 2025ರ ಜನವರಿ 14ರಂದು ನಮಗೆ ಸಿಕ್ಕ ಗುರುತ್ವ ಅಲೆ. ಆ ಎರಡು ಕುಳಿಗಳ ಒಟ್ಟು ಮೇಲ್ಮೈ ಮೊದಲು ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಸೇರಿದ ಮೇಲೆ 4 ಲಕ್ಷ. ಮೇಲ್ಮೈ ಕುಗ್ಗುವುದಿಲ್ಲ ಅಂತ 1971ರಲ್ಲಿ ಹಾಕಿಂಗ್ ಹೇಳಿದ್ದು ಚೆನ್ನಾಗಿ ತಾಳೆಯಾಯಿತು. ಸೇರಿದ ಕುಳಿ ಘಂಟೆಯಂತೆ ಮಿಡಿದು ಸುಮ್ಮನಾಗುವುದನ್ನು ಕೇಳಿಯೇ ಈ ಅಳತೆ ಸಿಕ್ಕಿದ್ದು. ಆ ಮಿಡಿತವನ್ನು 1970ರಲ್ಲಿ ಲೆಕ್ಕದಲ್ಲಿ ಮೊದಲು ಕಂಡವರು ನಮ್ಮ ಸಿ. ವಿ. ವಿಶ್ವೇಶ್ವರ.

ಸುಮ್ನೆಓದುಗ
ತಡೀರಿ. ಮೇಲ್ಮೈ ಕುಗ್ಗುವುದಿಲ್ಲ ಅಂದವರೇ ಆವಿಯಾಗುತ್ತದೆ ಅಂದರಾ?

ತ್ರಿಜ್ಯ
ಹೌದು. 1971ರ ಪ್ರಮೇಯದಲ್ಲಿ ಶಕ್ತಿ ಋಣವಾಗಬಾರದು ಅನ್ನುವ ಷರತ್ತು ಇದೆ. ಕ್ವಾಂಟಮ್ ಕ್ಷೇತ್ರ ಹೊರೈಜನ್ ಹತ್ತಿರ ಅದನ್ನು ಮುರಿಯುತ್ತದೆ. ಕುಳಿಯ ಎಂಟ್ರೊಪಿ, ಹೊರಗಿನ ಎಂಟ್ರೊಪಿ ಕೂಡಿಸಿದರೆ ಮಾತ್ರ ಮೊತ್ತ ಕಡಿಮೆಯಾಗುವುದಿಲ್ಲ. ಹಾಗೆ ಕೂಡಿಸಬೇಕು ಅಂತ ಬೆಕೆನ್‌ಸ್ಟೈನ್ ಮೊದಲೇ ಹೇಳಿದ್ದರು, ಹಾಕಿಂಗ್ ಆಗ ಒಪ್ಪಿರಲಿಲ್ಲ. ಅವರ ವಾದ ಮುರಿಯಲು ಹೋದ ಹಾಕಿಂಗ್‌ಗೇ ವಿಕಿರಣ ಸಿಕ್ಕಿದ್ದು.

ಅರ್ಧಚಂದ್ರ
ಪ್ರಯೋಗದ ಆಸೆ ಪೂರ್ತಿ ಬಿಡಬೇಕಾಗಿಲ್ಲ. ಬಿಗ್ ಬ್ಯಾಂಗ್ ಕಾಲದಲ್ಲಿ ಸಣ್ಣ ಕುಳಿಗಳು ಹುಟ್ಟಿದ್ದರೆ, ಆಗ ಸುಮಾರು ಐವತ್ತು ಸಾವಿರ ಕೋಟಿ ಕಿಲೋ ಇದ್ದವು ಈಗ ಸಿಡಿಯುತ್ತಿರಬೇಕು. ಗಾಮಾ ಕಿರಣ ನೋಡುವ ಫರ್ಮಿ ದೂರದರ್ಶಕ ಹುಡುಕಿದೆ, ಈವರೆಗೆ ಸಿಕ್ಕಿಲ್ಲ. ಮೆಡಿಟರೇನಿಯನ್ ತಳದ ಪತ್ತೆಯಂತ್ರಕ್ಕೆ 2023ರಲ್ಲಿ ಸಿಕ್ಕ ಅತಿ ಶಕ್ತಿಯ ನ್ಯೂಟ್ರಿನೊ ಅಂಥ ಕುಳಿಯದ್ದೇ ಇರಬಹುದು ಅಂತ ಕೆಲವರು ಬರೆದಿದ್ದಾರೆ.

ಗೀಟುಗಾರ
ಒಂದೇ ಒಂದು ನ್ಯೂಟ್ರಿನೊ! ಅಷ್ಟು ಹತ್ತಿರ ಕುಳಿ ಸಿಡಿದಿದ್ದರೆ ಗಾಮಾ ಕಿರಣಗಳೂ ರಾಶಿ ರಾಶಿ ಬಂದಿರಬೇಕಿತ್ತು. ಅವು ಎಲ್ಲಿ?

ಅರ್ಧಚಂದ್ರ
ಅದಕ್ಕೂ ವಿವರಣೆ ಕೊಟ್ಟಿದ್ದಾರೆ. ಹೊಸ ಚರ್ಚೆ ತೆರೆಯುತ್ತೇನೆ, ಅಲ್ಲಿ ಬನ್ನಿ ಜಗಳಕ್ಕೆ.

ಬೆಸಸಂಖ್ಯೆ
ಅದಕ್ಕೂ ಮೊದಲು ಯಾರಾದರೂ ಆ ದ್ವೀಪದ ಗಡಿ ಕುಳಿಯೊಳಗೆ ಎಲ್ಲಿ ಬೀಳುತ್ತದೆ ಅಂತ ಹೇಳಿ.

ಚುಕ್ಕಿಗೆರೆ
ಆವಿಯಾಗುತ್ತಿರುವ ಕುಳಿಯಲ್ಲಿ ಹೊರೈಜನ್ನಿಗೆ ತೀರಾ ಹತ್ತಿರ, ಸ್ವಲ್ಪ ಒಳಗೆ. ಲೆಕ್ಕ ಬರೆದು ಹಾಕುತ್ತೇನೆ, ಸಂಜೆಯವರೆಗೆ ಸಮಯ ಕೊಡಿ.